ಮಗು ಹೇಳಲು ನೋಡಿದ ಪುಟ: ನೋವಿನ ಆತ್ಮಕಥೆ ಓದುವ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಗ್ರಂಥಾಲಯ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನದ ಮೇಲೆ ಹತ್ತು ಹದಿನೈದು ಮಂದಿ ರಕ್ಷಕರು ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಬೀಡಿ ಕಟ್ಟುವವರಿದ್ದಾರೆ, ಅಡಿಕೆ ತೋಟದವರಿದ್ದಾರೆ, ಅಂಗನವಾಡಿ ಟೀಚರ್ ಇದ್ದಾರೆ, ಗಲ್ಫಿನಿಂದ ರಜೆಯಲ್ಲಿ ಬಂದ ಅಪ್ಪಂದಿರೂ ಒಮ್ಮೊಮ್ಮೆ ಬಂದು ಕೂರುತ್ತಾರೆ. ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ಜೂನ್ 19ರಿಂದ ಕೇರಳದಲ್ಲೆಲ್ಲ ವಾಚನ ವಾರ ನಡೆಯುತ್ತದಲ್ಲ, ಎರಡು ವರ್ಷದ ಹಿಂದಿನ ಆ ವಾರದಲ್ಲಿ ನಾವು ಕಷ್ಟದ ಪುಸ್ತಕಗಳನ್ನು ಕೈಗೆತ್ತಿಕೊಂಡೆವು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ, ಅದನ್ನು ದಾಟಿ ಬದುಕಿದವರು ತಾವೇ ಬರೆದ ಆತ್ಮಕಥೆಗಳು. ಆಮೇಲೆ ಬಸ್ಸಿಗೆ ಕಾಯುವಾಗ, ಮದುವೆ ಚಪ್ಪರದಲ್ಲಿ, ಶಾಲೆಯ ಗೇಟಿನ ಹತ್ತಿರ ಜನ ನನ್ನನ್ನು ನಿಲ್ಲಿಸಿ ಕೇಳಿದ ಪ್ರಶ್ನೆಗಳಿವು. ನಾನು ಇಬ್ಬರು ಮಕ್ಕಳ ಅಮ್ಮ, ಗ್ರಂಥಾಲಯದ ರಿಜಿಸ್ಟರ್ ನೋಡಿಕೊಳ್ಳುತ್ತೇನೆ. ಕಾನೂನಿನ ಮಾತು ಬಂದಲ್ಲಿ ಕಾಯ್ದೆಯಲ್ಲಿ ಇರುವುದನ್ನೇ ಹೇಳಿದ್ದೇನೆ. ಉಳಿದದ್ದು ಓದಿ, ತಪ್ಪಿ, ಕಲಿತದ್ದು.

ಇಂಥ ಪುಸ್ತಕ ಯಾಕೆ ಓದಬೇಕು? ಸುಮ್ಮನೆ ಮನಸ್ಸು ಕೆಡಿಸಿಕೊಳ್ಳಲಿಕ್ಕಾ?

ಮನಸ್ಸು ಕೆಡುತ್ತದೆ, ಹೌದು. ಆದರೂ ಓದಬೇಕು ಎನ್ನಲು ನನಗೆ ಒಂದೇ ಕಾರಣ. ನಾನು ಓದಿದ ಈ ಬಗೆಯ ಪುಸ್ತಕಗಳಲ್ಲೆಲ್ಲ ಒಂದು ಪುಟ ಇರುತ್ತದೆ: ಮಗು ಹೇಳಲು ನೋಡಿದ ಪುಟ. ಬಾಯಿಬಿಟ್ಟು ಹೇಳಿರುವುದಿಲ್ಲ. ಹೊಟ್ಟೆನೋವು ಎಂದಿರುತ್ತದೆ, ಒಬ್ಬರ ಮನೆಗೆ ಬರುವುದಿಲ್ಲ ಎಂದು ಹಟ ಹಿಡಿದಿರುತ್ತದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದಿರುತ್ತದೆ. ಪಕ್ಕದಲ್ಲೇ ಒಬ್ಬ ದೊಡ್ಡವರಿರುತ್ತಾರೆ. ಒಲೆಯ ಮುಂದೆಯೋ ಲೆಕ್ಕದ ಪುಸ್ತಕದ ಮುಂದೆಯೋ ಕೂತು "ಆಮೇಲೆ ನೋಡುವ" ಎಂದಿರುತ್ತಾರೆ. ಬರೆದವರಿಗೆ ನಲವತ್ತು ವರ್ಷದ ಮೇಲೂ ಆ ಗಳಿಗೆ ನೆನಪಿರುತ್ತದೆ, ಆ ದೊಡ್ಡವರ ಕೈಯಲ್ಲಿ ಎಂತ ಇತ್ತು ಎನ್ನುವುದೂ ನೆನಪಿರುತ್ತದೆ. ಆ ದೊಡ್ಡವರ ಜಾಗದಲ್ಲಿ ಇವತ್ತು ಕೂತಿರುವುದು ನಾವು.

ಅಮೆರಿಕದ ಲೇಖಕಿ ಮಾಯಾ ಏಂಜೆಲೊ ತಮ್ಮ ಬಾಲ್ಯದ ಕತೆಯನ್ನು 1969ರಲ್ಲಿ ಪ್ರಕಟಿಸಿದರು. ತಾಯಿಯ ಜೊತೆ ಬದುಕುತ್ತಿದ್ದ ಗಂಡಸು ಎಂಟು ವರ್ಷದ ಆ ಮಗುವಿನ ಮೇಲೆ ಅತ್ಯಾಚಾರ ಮಾಡಿದ. ಬಾಯಿಬಿಟ್ಟರೆ ನಿನ್ನ ಅಣ್ಣನನ್ನು ಕೊಲ್ಲುತ್ತೇನೆ ಎಂದು ಹೆದರಿಸಿದ. ಮಗು ಮಂಕಾಗಿ ಮಲಗಿದಾಗ ತಾಯಿಗೆ ಹೊಳೆದದ್ದು ದಡಾರ ಇರಬೇಕು ಎಂದು. ಕೆಟ್ಟ ತಾಯಿಯಲ್ಲ ಆಕೆ, ಹಣೆ ಮುಟ್ಟಿ ನೋಡಿದ್ದಳು, ಪಥ್ಯ ಮಾಡಿ ಕೊಟ್ಟಿದ್ದಳು. ಆ ಮನುಷ್ಯನ ಕೊಲೆಯಾದ ಮೇಲೆ, ತಾನು ಅವನ ಹೆಸರು ಹೇಳಿದ್ದರಿಂದಲೇ ಅವನು ಸತ್ತ ಎಂದು ನಂಬಿ ಮಗು ಸುಮಾರು ಐದು ವರ್ಷ ಮಾತು ಬಿಟ್ಟಿತು. ಕೊನೆಗೆ ಅವಳನ್ನು ಮಾತಿಗೆ ಎಳೆದು ತಂದದ್ದು ಊರಿನ ಒಬ್ಬ ಹೆಂಗಸು. ಮನೆಗೆ ಕರೆದು ತಿಂಡಿ ಕೊಟ್ಟಳು, ಪುಸ್ತಕವನ್ನು ಗಟ್ಟಿಯಾಗಿ ಓದಿ ಕೇಳಿಸಿದಳು. ಗ್ರಂಥಾಲಯದ ಕೆಲಸ ಮಾಡುವ ನನಗೆ ಈ ಭಾಗ ಎಷ್ಟು ಸಲ ಓದಿದರೂ ಸಾಲುವುದಿಲ್ಲ.

ಹಾಗಾಗಿ ನಮ್ಮ ಕೂಟದಲ್ಲಿ ಒಂದೇ ನಿಯಮ. ಕ್ರೌರ್ಯದ ಪುಟಗಳ ಬಗ್ಗೆ ಚರ್ಚೆ ಇಲ್ಲ. ಮಗು ಹೇಳಲು ನೋಡಿದ ಪುಟ ಯಾವುದು ಎಂದು ಒಬ್ಬೊಬ್ಬರೂ ಹೇಳಬೇಕು.

ನಮ್ಮ ಊರಿನಲ್ಲಿ, ನಮ್ಮ ಮನೆಗಳಲ್ಲಿ ಹೀಗೆಲ್ಲ ಉಂಟಾ?

ಉಂಟು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನಕ್ಕೆ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿದ್ದರು. ಯಾವುದಾದರೊಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ ಮಕ್ಕಳು ಶೇಕಡಾ 53.22. ಇನ್ನು ಪೊಲೀಸರಿಗೆ ತಲುಪುವ ಅತ್ಯಾಚಾರದ ಪ್ರಕರಣಗಳಲ್ಲಿ ಮಗುವಿಗೆ ಗುರುತಿರುವವರೇ ಆರೋಪಿಗಳಾಗಿರುವುದು ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳು ವರ್ಷ ವರ್ಷವೂ ಹೇಳುತ್ತವೆ: ಮನೆಯವರು, ನೆಂಟರು, ನೆರೆಕರೆಯವರು, ಟ್ಯೂಷನ್ ಹೇಳುವವರು. ಗೋಣಿ ಹಿಡಿದು ಬರುವ ಮಕ್ಕಳ ಕಳ್ಳನ ಹೆದರಿಕೆ ಹಾಕಿ ಬೆಳೆಸಿದ ನಮಗೆ ಇದು ಬೇಗ ಗಂಟಲಲ್ಲಿ ಇಳಿಯುವುದಿಲ್ಲ.

ಓದಿದ ರಾತ್ರಿ ನಿದ್ದೆ ಬರುವುದಿಲ್ಲ. ಎಂತ ಮಾಡುವುದು?

ರಾತ್ರಿ ಓದಬೇಡಿ, ಅಷ್ಟೆ. ಮಕ್ಕಳು ಶಾಲೆಗೆ ಹೋದ ಮೇಲೆ, ಬೆಳಕಿನಲ್ಲಿ, ಹತ್ತಿಪ್ಪತ್ತು ಪುಟ. ಓದಿ ಮುಚ್ಚಿದ ಮೇಲೆ ಕೈಗೊಂದು ಕೆಲಸ ಇರಲಿ, ಬಟ್ಟೆ ಒಗೆಯುವುದೋ ಹಟ್ಟಿಗೆ ಸೊಪ್ಪು ತರುವುದೋ. ಕೊನೆಯ ಅಧ್ಯಾಯವನ್ನು ಮೊದಲೇ ಓದಿಕೊಂಡರೆ ತಪ್ಪಿಲ್ಲ. ಆ ಮಗು ಬದುಕಿ ದೊಡ್ಡದಾಗಿ ಈ ಪುಸ್ತಕ ಬರೆಯುವಷ್ಟು ಗಟ್ಟಿಯಾಯಿತು ಎಂದು ಗೊತ್ತಿದ್ದರೆ ನಡುವಿನ ಪುಟಗಳನ್ನು ದಾಟಲು ಒಂದು ಹಗ್ಗ ಸಿಕ್ಕಿದ ಹಾಗೆ. ತಡೆಯಲಾರದ ಪುಟಗಳನ್ನು ಮಗುಚಿ ಮುಂದೆ ಹೋಗಿ. ಅರ್ಧಕ್ಕೆ ನಿಲ್ಲಿಸಿದರೂ ಸರಿ. ನಮ್ಮಲ್ಲಿ ಒಬ್ಬರು ಒಂದೇ ಪುಸ್ತಕವನ್ನು ಮೂರು ಸಲ ಎರವಲು ಪಡೆದು, ಮೂರನೇ ಸಲಕ್ಕೆ ಮುಗಿಸಿದರು.

ಮಲಯಾಳದಲ್ಲಿ ಓದುವುದಾ, ಕನ್ನಡದಲ್ಲಾ?

ಇದು ನಮ್ಮ ಜಿಲ್ಲೆಯಲ್ಲೇ ಹುಟ್ಟುವ ಪ್ರಶ್ನೆ. ನಮ್ಮ ಕಪಾಟಿನಲ್ಲಿ ಇಂಥ ಪುಸ್ತಕ ಮಲಯಾಳದಲ್ಲಿ ಹೆಚ್ಚು, ಕನ್ನಡದಲ್ಲಿ ಕಡಿಮೆ. ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನಂಥವರಿಗೆ ಮಲಯಾಳ ಮಾತು ನೀರು ಕುಡಿದಷ್ಟು ಸಲೀಸು, ಓದುವಾಗ ಅಕ್ಷರ ಅಕ್ಷರ ಹೆಕ್ಕಬೇಕು. ಆ ನಿಧಾನ ನನಗೆ ಒಳ್ಳೆಯದೇ ಆಯಿತು, ಪೆಟ್ಟು ಸ್ವಲ್ಪ ದೂರದಿಂದ ಬಿದ್ದಂತಿತ್ತು. ಅದೇ ಬಗೆಯ ಪುಟವನ್ನು ಕನ್ನಡದಲ್ಲಿ ಓದಿದಾಗ ನಮ್ಮ ಜಗಲಿಯಲ್ಲೇ ನಡೆದ ಹಾಗಾಯಿತು. ಮೊದಲ ಪುಸ್ತಕವಾದರೆ ನಿಮಗೆ ನಿಧಾನವಾಗಿ ಓದಲು ಬರುವ ಭಾಷೆಯಲ್ಲಿ ಓದಿ ನೋಡಿ.

ಓದಿದ ಕೂಡಲೇ ಮಗುವನ್ನು ಕೂರಿಸಿ ಕೇಳಬಹುದಾ?

ಬೇಡ. ಇದು ನಾನೇ ಮಾಡಿದ ತಪ್ಪು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲ ಪುಸ್ತಕ ಮುಗಿಸಿದ ದಿನ ಸಂಜೆ ಮಗಳು ಶಾಲೆಯಿಂದ ಬಂದಳು. ಆಗ ಮೂರನೇ ಕ್ಲಾಸು. ಚೀಲ ಇಳಿಸುವ ಮೊದಲೇ ಕೋಣೆಗೆ ಕರೆದು ಬಾಗಿಲು ಹಾಕಿದೆ. "ನಿನ್ನನ್ನು ಯಾರಾದರೂ ಮುಟ್ಟಿದ್ದಾರಾ? ವ್ಯಾನಿನವರು? ಮಾವ? ಸತ್ಯ ಹೇಳು, ನಾನು ಬೈಯುವುದಿಲ್ಲ" ಎಂದು ಒಂದರ ಮೇಲೊಂದು ಕೇಳಿದೆ. ನನ್ನ ಕೈ ನಡುಗುತ್ತಿತ್ತು. ಅವಳು ನನ್ನ ಮುಖವನ್ನೇ ನೋಡಿ "ಇಲ್ಲ ಇಲ್ಲ ಇಲ್ಲ" ಎಂದು ಅಳಲು ಶುರು ಮಾಡಿದಳು. ಆಮೇಲೆ ನಾಲ್ಕೈದು ದಿನ ನಾನು ಹತ್ತಿರ ಕರೆದರೆ "ಎಂತ ಆಯ್ತಮ್ಮ?" ಎಂದು ಹೆದರಿಯೇ ಬರುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಆಗಿದ್ದರೂ ಅವತ್ತು ಹೇಳುತ್ತಿರಲಿಲ್ಲ. ಅಮ್ಮನಿಗೆ ತಾಳಲು ಆಗದ ವಿಷಯ ಇದು ಎಂದು ನನ್ನ ಮುಖವೇ ಅವಳಿಗೆ ಹೇಳಿಬಿಟ್ಟಿತ್ತು.

ಎರಡು ತಿಂಗಳು ಕಳೆದು ಹಲಸಿನ ಕಾಲ. ಅಂಗಳದಲ್ಲಿ ಗೋಣಿ ಹಾಸಿ, ಮೇಣ ಹಿಡಿಯದ ಹಾಗೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಹಪ್ಪಳಕ್ಕೆ ಸೊಳೆ ಬಿಡಿಸುತ್ತಿದ್ದೆವು. ಅವಳು ಬೇಳೆ ಬೇರೆ ಮಾಡುತ್ತಿದ್ದಳು. ಇಬ್ಬರ ಕಣ್ಣೂ ಹಲಸಿನ ಮೇಲೆ. ನಾನೇನೂ ಕೇಳಿರಲಿಲ್ಲ. ಕ್ಲಾಸಿನ ಒಬ್ಬ ದೊಡ್ಡ ಹುಡುಗ ಬಸ್ಸಿನಲ್ಲಿ ಜಡೆ ಎಳೆಯುವುದನ್ನೂ ತನಗೆ ಆ ಸೀಟು ಬೇಡ ಅನಿಸುವುದನ್ನೂ ತಾನಾಗಿ ಹೇಳಿದಳು. ಸಣ್ಣ ವಿಷಯ. "ಹೌದಾ, ಮತ್ತೆ?" ಎಂದೆ. ಇನ್ನೂ ಸ್ವಲ್ಪ ಹೇಳಿದಳು. ಮಾರನೇ ದಿನ ಟೀಚರಿಗೆ ತಿಳಿಸಿ ಸೀಟು ಬದಲಾಯಿಸಿದೆವು. ಹೇಳಿದರೆ ಕೆಲಸ ಆಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಆವತ್ತು.

ಎದುರು ಕೂರಿಸಿ ಕಣ್ಣಿಗೆ ಕಣ್ಣಿಟ್ಟು ಕೇಳಿದರೆ ಮಕ್ಕಳು ಪರೀಕ್ಷೆ ಬರೆಯುವವರ ಹಾಗಾಗುತ್ತಾರೆ. ಅಡಿಕೆ ಸುಲಿಯುವಾಗ, ಬೀಡಿಗೆ ಎಲೆ ಕತ್ತರಿಸುವಾಗ, ಜೊತೆಯಲ್ಲಿ ಗುಡ್ಡೆ ಹತ್ತುವಾಗ, ಬೈಕಿನ ಹಿಂದೆ ಕೂತಾಗ ಮಾತು ತಾನಾಗಿ ಹೊರಡುತ್ತದೆ. ಸಣ್ಣ ಮಾತಿಗೆ ಕಿವಿ ಕೊಟ್ಟ ಮನೆಗೇ ದೊಡ್ಡ ಮಾತು ಬರುವುದು.

ಮಗುವಿಗೆ ಯಾವ ಭಾಷೆಯಲ್ಲಿ, ಯಾವ ಶಬ್ದದಲ್ಲಿ ಹೇಳಿಕೊಡುವುದು?

ನಮ್ಮದು ಏಳು ಭಾಷೆಯ ಊರು ಎಂದು ಸಮ್ಮೇಳನಗಳಲ್ಲಿ ಹೆಮ್ಮೆಪಡುತ್ತೇವೆ. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇಷ್ಟು ಭಾಷೆಗಳಿದ್ದೂ ತೊಡೆಯ ನಡುವಿನ ಅಂಗಕ್ಕೆ ನಮ್ಮ ಮಕ್ಕಳ ಬಾಯಲ್ಲಿ ಶಬ್ದವಿಲ್ಲ. "ಶೇಮ್ ಶೇಮ್" ಎಂದು ಕಲಿಸಿರುತ್ತೇವೆ. ನಾಚಿಕೆ ಎಂದೇ ಹೆಸರಿಟ್ಟ ಜಾಗಕ್ಕೆ ನೋವಾದರೆ ಮಗು ಬಾಯಿ ಬಿಡುವುದು ಹೇಗೆ?

ಮನೆಮಾತಿನಲ್ಲಿ ಬೈಗುಳವಲ್ಲದ ಒಂದು ಶಬ್ದವನ್ನು ಗಂಡ ಹೆಂಡತಿ ಕೂತು ಗೊತ್ತುಮಾಡಿ, ಸ್ನಾನ ಮಾಡಿಸುವಾಗ ಮೂಗು, ಮೊಣಕಾಲು ಎನ್ನುವಷ್ಟೇ ಸಾದಾ ದನಿಯಲ್ಲಿ ಬಳಸಿ. ಶಾಲೆಯ ಭಾಷೆಯಲ್ಲೂ ಒಂದು ಶಬ್ದ ಗೊತ್ತಿರಲಿ, ಟೀಚರಿಗೆ ಹೇಳಬೇಕಾದರೆ ಬೇಕಾಗುತ್ತದೆ. ಇನ್ನೊಂದು ಮಾತನ್ನು ನಾನು ಖಂಡಿತವಾಗಿ ಹೇಳುತ್ತೇನೆ: ಮನೆಗೆ ಬಂದ ನೆಂಟರ ಮಡಿಲಿಗೆ ಮಗುವನ್ನು ಒತ್ತಾಯದಿಂದ ಕಳಿಸಬೇಡಿ. ದೂರದಿಂದ ನಮಸ್ಕಾರ ಮಾಡಿದರೆ ಮರ್ಯಾದೆಗೆ ಏನೂ ಕಮ್ಮಿಯಾಗುವುದಿಲ್ಲ. ದೊಡ್ಡಪ್ಪನಿಗೆ ಬೇಸರವಾದೀತು ಎಂದು ನಾವೇ ಮಗುವಿನ "ಬೇಡ"ವನ್ನು ಮುರಿದರೆ, ಬೇರೆಯವರು ಮುರಿಯುವಾಗ ಅದು ಯಾವ ಧೈರ್ಯದಲ್ಲಿ ಕೂಗಬೇಕು?

ನನಗಿರುವುದು ಗಂಡುಮಕ್ಕಳು. ನಾನು ಓದಬೇಕಾ?

ಓದಬೇಕು. ಮೇಲೆ ಹೇಳಿದ 2007ರ ಅಧ್ಯಯನದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ ಮಕ್ಕಳ ಪೈಕಿ ಶೇಕಡಾ 52.94 ಗಂಡುಮಕ್ಕಳೇ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಇರುವ ಪೋಕ್ಸೊ ಕಾಯ್ದೆಯೂ ಗಂಡು ಹೆಣ್ಣು ಎಂದು ಭೇದ ಮಾಡುವುದಿಲ್ಲ, 18 ತುಂಬದ ಎಲ್ಲರೂ ಅದಕ್ಕೆ ಮಕ್ಕಳೇ. "ಗಂಡುಮಗ ಅಳುವುದಾ" ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವಲ್ಲ, ಆ ಹುಡುಗರ ಬಾಯಿಗೆ ಬೀಗ ಬೀಳುವುದು ಅಲ್ಲಿಂದಲೇ.

ಓದಿದ ಮೇಲೆ ಯಾರನ್ನೂ ನಂಬಲು ಆಗುತ್ತಿಲ್ಲ. ಗಂಡನನ್ನೂ ಸಂಶಯದಿಂದ ನೋಡುತ್ತಿದ್ದೇನೆ.

ಮೊದಲ ಎರಡು ವಾರ ಹಾಗೆ ಆಗುವುದು ಸಹಜ, ನನಗೂ ಆಗಿತ್ತು. ಮನುಷ್ಯರ ಮುಖ ನೋಡಿ ಪತ್ತೆ ಮಾಡಲು ಹೊರಟರೆ ಯಾರ ಮುಖವೂ ಏನನ್ನೂ ಹೇಳುವುದಿಲ್ಲ. ನಡವಳಿಕೆಯ ಮೇಲೆ ಕಣ್ಣಿಡಿ. ಮಗುವನ್ನು ಗುಟ್ಟು ಇಟ್ಟುಕೊಳ್ಳಲು ಹೇಳುವವರು, ಒಂದೇ ಮಗುವಿಗೆ ಮಾತ್ರ ಉಡುಗೊರೆ ತರುವವರು, ಬೇಡ ಎಂದರೂ ಕಚಗುಳಿ ಇಡುವವರು, ಒಂಟಿಯಾಗಿ ಸಿಗಲು ಮತ್ತೆ ಮತ್ತೆ ನೆಪ ಹುಡುಕುವವರು. ಆತ್ಮಕಥೆಗಳಲ್ಲಿ ಪುನಃ ಪುನಃ ಬರುವುದು ಇವೇ. "ನಮ್ಮ ಮನೆಯಲ್ಲಿ ಅಮ್ಮನಿಂದ ಮುಚ್ಚಿಡುವ ಗುಟ್ಟು ಇಲ್ಲ" ಎಂದು ಎಲ್ಲರ ಎದುರಿಗೇ ಮಗುವಿಗೆ ಹೇಳಿ. ಕೇಳಬೇಕಾದವರಿಗೂ ಕೇಳಿಸಲಿ.

ಅತ್ತೆ "ಇದೆಲ್ಲ ಮನೆಯಲ್ಲಿ ಓದುವಂಥದ್ದಲ್ಲ" ಎನ್ನುತ್ತಾರೆ.

ವಾದಕ್ಕೆ ನಿಲ್ಲಬೇಡಿ. ಒಂದು ದಿನ ಆ ಒಂದು ಪುಟವನ್ನು ಅವರಿಗೆ ಓದಿ ಹೇಳಿ. ನಮ್ಮ ಕೂಟದ ಒಬ್ಬರ ಅತ್ತೆ ಕೇಳಿ ಸುಮ್ಮನೆ ಕೂತರು, ವೀಳ್ಯದೆಲೆ ಕೈಯಲ್ಲೇ ಉಳಿಯಿತು. ಆಮೇಲೆ "ನಮ್ಮ ಕಾಲದಲ್ಲಿ ಹೇಳಲಿಕ್ಕೆ ಯಾರೂ ಇರಲಿಲ್ಲ ಮಗಾ" ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಸೊಸೆ ಕೇಳಲೂ ಇಲ್ಲ.

ಓದುವಾಗ ನನ್ನದೇ ಬಾಲ್ಯ ಎದ್ದು ಬಂತು. ಈಗ ಎಂತ ಮಾಡುವುದು?

ಪುಸ್ತಕ ಮುಚ್ಚಿಡಿ. ನಿಮ್ಮದು ತಪ್ಪಲ್ಲ, ಆಗಲೂ ಅಲ್ಲ, ಈಗಲೂ ಅಲ್ಲ. ಎಲ್ಲರೆದುರು ಹೇಳಬೇಕೆಂಬ ಕಡ್ಡಾಯ ಯಾರ ಮೇಲೂ ಇಲ್ಲ. ನಂಬುವ ಒಬ್ಬರಿಗೆ ಹೇಳಿದರೆ ಸಾಕು. ಗುರುತಿನವರಿಗೆ ಹೇಳಲು ಆಗದಿದ್ದರೆ 14416ಕ್ಕೆ ಕರೆ ಮಾಡಿ. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಹೆಸರು ಹೇಳಲೇಬೇಕೆಂದಿಲ್ಲ. ಅದರ ಭಾಷೆಗಳಲ್ಲಿ ಕನ್ನಡವೂ ಉಂಟು.

ನಮ್ಮ ಕೂಟದಲ್ಲಿ ಒಮ್ಮೆ ಒಬ್ಬರು ಓದುತ್ತಾ ಓದುತ್ತಾ ನಿಲ್ಲಿಸಿ ಎದ್ದು ಹೊರಗೆ ಹೋದರು. ಯಾರೂ ಹಿಂದೆ ಓಡಲಿಲ್ಲ. ಒಬ್ಬರು ಮಾತ್ರ ಒಂದು ಗ್ಲಾಸ್ ಚಹಾ ತೆಗೆದುಕೊಂಡು ಹೋಗಿ ಮೆಟ್ಟಿಲಿನಲ್ಲಿ ಪಕ್ಕ ಕೂತರು. ಮಳೆ ಬರುತ್ತಿತ್ತು. ಕೂಟ ಮುಗಿಯುವ ತನಕ ಇಬ್ಬರೂ ಅಲ್ಲೇ ಇದ್ದರು. ಮುಂದಿನ ತಿಂಗಳು ಅವರು ಮತ್ತೆ ಬಂದರು.

ಓದುತ್ತಾ ಮಾತಾಡುತ್ತಾ ನಮ್ಮ ಮಗುವೇ ಏನಾದರೂ ಹೇಳಿಬಿಟ್ಟರೆ?

ಮೊದಲು ನಿಮ್ಮ ಮುಖ. ಕಿರುಚಬೇಡಿ, ಎದೆ ಬಡಿದುಕೊಳ್ಳಬೇಡಿ, "ಮೊದಲೇ ಯಾಕೆ ಹೇಳಲಿಲ್ಲ" ಎನ್ನಬೇಡಿ. "ನೀನು ಹೇಳಿದ್ದು ಒಳ್ಳೆಯದಾಯಿತು. ನಾನು ನಂಬುತ್ತೇನೆ. ನಿನ್ನ ತಪ್ಪಿಲ್ಲ." ಈ ಮೂರು ಮಾತು ಸಾಕು. ಬಿಡಿಸಿ ಬಿಡಿಸಿ ಕೇಳಬೇಡಿ. ಅಜ್ಜಿಯ ಎದುರು ಒಮ್ಮೆ, ಚಿಕ್ಕಮ್ಮನ ಎದುರು ಒಮ್ಮೆ ಹೇಳಿಸಬೇಡಿ. ಮಗು ಬಳಸಿದ ಶಬ್ದವನ್ನೇ ದಿನಾಂಕ ಹಾಕಿ ಒಂದು ಕಡೆ ಬರೆದಿಡಿ. ಮೈಗೆ ಪೆಟ್ಟೋ ನೋವೋ ಇದ್ದರೆ ಮೊದಲು ಆಸ್ಪತ್ರೆ. ಆಗಷ್ಟೇ ನಡೆದದ್ದಾದರೆ ಮಗುವಿಗೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ.

ಆಮೇಲೆ 1098. ಮಕ್ಕಳ ಸಹಾಯವಾಣಿ ಅದು, ದಿನದ 24 ಗಂಟೆಯೂ ಉಚಿತ. ತುರ್ತು ಸಂಖ್ಯೆ 112ಕ್ಕೂ ಕರೆ ಮಾಡಬಹುದು, ನೇರ ಪೊಲೀಸ್ ಠಾಣೆಗೂ ಹೋಗಬಹುದು. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಿದ್ದವರು ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳ ವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದ ವರೆಗೆ ಜೈಲು, ದಂಡವೂ ಉಂಟು. ಹೇಳದೆ ಉಳಿದ ಮಗುವಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾಯ್ದೆಯ ರಕ್ಷಣೆ ಇದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು.

ಠಾಣೆ ಎಂದರೆ ನಮಗೆಲ್ಲ ಹೆದರಿಕೆ. ಆದರೆ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಬೇಕೆನಿಸಿದ ಜಾಗದಲ್ಲೋ ಪಡೆಯಬೇಕು. ಆದಷ್ಟು ಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ಹಾಕಿರಬಾರದು. ಅಪ್ಪ ಅಮ್ಮನೋ ಮಗು ನಂಬುವ ಇನ್ನೊಬ್ಬರೋ ಜೊತೆಗಿರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಿನ ತಪಾಸಣೆ ಮಾಡುವುದು ಮಹಿಳಾ ವೈದ್ಯರೇ. ಮಗುವಿನ ಹೆಸರು, ಮನೆ, ಶಾಲೆ ಗೊತ್ತಾಗುವ ಯಾವುದನ್ನೂ ಮಾಧ್ಯಮಗಳು ಬಹಿರಂಗ ಮಾಡಬಾರದು.

ನಮ್ಮ ಕಡೆಯವರಿಗೆ ಅತ್ಯಂತ ಮುಖ್ಯವಾದದ್ದು ಭಾಷೆ. ಮಗು ತುಳುವಿನಲ್ಲಿ ಹೇಳುತ್ತದೆ, ಕಾಗದ ಮಲಯಾಳದಲ್ಲಿ ತಯಾರಾಗುತ್ತದೆ. ನಡುವೆ ಒಂದು ಶಬ್ದ ಬದಲಾದರೆ ಅರ್ಥವೇ ಬದಲಾಗುತ್ತದೆ. ಪರಿಚಯದ ಒಬ್ಬ ತಾಯಿ ಬೇರೆ ಯಾವುದೋ ದೂರಿನಲ್ಲಿ, ಓದಲು ಬಾರದ ಹಾಳೆಗೆ ಸಹಿ ಹಾಕಿ ಬಂದು ವರ್ಷಗಟ್ಟಲೆ ಕೊರಗಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಪೋಕ್ಸೊದಲ್ಲಿ ಇದಕ್ಕೆ ದಾರಿ ಇದೆ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬರೆದುಕೊಳ್ಳುವುದಾದರೆ ಭಾಷಾಂತರಕಾರರನ್ನು ಕೊಡಬೇಕು ಎಂದು 19ನೇ ಸೆಕ್ಷನ್ನಿನಲ್ಲೇ ಬರೆದಿದೆ. ಹೇಳಿಕೆ ಪಡೆಯುವಾಗಲೂ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಾಗಲೂ ಭಾಷಾಂತರಕಾರರ ನೆರವು ಪಡೆಯಲು 26 ಮತ್ತು 38ನೇ ಸೆಕ್ಷನ್‌ಗಳಲ್ಲಿ ಅವಕಾಶವಿದೆ. ನಾಚದೆ ಕೇಳಿ. ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ.

ಇಷ್ಟೆಲ್ಲ ಸಣ್ಣ ಸಣ್ಣ ವಿವರ ನೆನಪಿರುವುದು ಸಾಧ್ಯವಾ? ಕಟ್ಟಿ ಬರೆದದ್ದಿರಬಹುದಲ್ಲ?

ಮಗುವಿನ ನೆನಪಿನಲ್ಲಿ ತಾರೀಕು ತಪ್ಪಬಹುದು, ಹಿಂದೆ ಮುಂದೆ ಆಗಬಹುದು. ಗೋಡೆಯ ಬಣ್ಣ, ಎಣ್ಣೆಯ ವಾಸನೆ, ರೇಡಿಯೋದಲ್ಲಿ ಬರುತ್ತಿದ್ದ ಹಾಡು ಅಚ್ಚೊತ್ತಿದ ಹಾಗೆ ಉಳಿಯಬಹುದು. ಓದುವ ಹೆತ್ತವರು ವಕೀಲರ ಹಾಗೆ ಪಾಟೀಸವಾಲು ಮಾಡುವುದು ನನಗೆ ಸರಿ ಕಾಣುವುದಿಲ್ಲ. "ಕಟ್ಟಿ ಹೇಳುತ್ತೀಯಾ?" ಎಂಬ ಮಾತನ್ನು ಆ ಲೇಖಕರು ಚಿಕ್ಕವರಿದ್ದಾಗಲೇ ಬೇಕಾದಷ್ಟು ಕೇಳಿರುತ್ತಾರೆ.

ಹೈಸ್ಕೂಲಿನ ಮಗಳಿಗೆ ಈ ಪುಸ್ತಕ ಕೊಡಬಹುದಾ?

ನೀವು ಪೂರ್ತಿ ಓದದೆ ಕೊಡಬೇಡಿ. ಹನ್ನೆರಡು ಹದಿಮೂರಕ್ಕೆ ಪೂರ್ತಿ ಪುಸ್ತಕ ಭಾರವಾಗುತ್ತದೆ, ಆಯ್ದ ಒಂದೆರಡು ಪುಟ ಸಾಕು. ಹದಿನಾರರವರು ಓದಬಹುದು, ನೀವೂ ಅದೇ ವಾರ ಓದುತ್ತಿದ್ದರೆ. ಒತ್ತಾಯ ಬೇಡ. ಕೆಲವು ಮಕ್ಕಳು ಓದಿ, ಗೆಳತಿಯೊಬ್ಬಳ ವಿಷಯ ಎಂದು ಹೇಳಲು ಶುರು ಮಾಡುತ್ತಾರೆ. ಗೆಳತಿಯ ವಿಷಯವೆಂದೇ ಕೇಳಿ, ಅವಸರ ಮಾಡಬೇಡಿ.

ಪುಸ್ತಕವನ್ನು ಮನೆಯಲ್ಲಿ ಎಲ್ಲಿಡುವುದು? ಮಕ್ಕಳ ಕೈಗೆ ಸಿಕ್ಕಿದರೆ?

ಹಾಸಿಗೆಯ ಅಡಿಯಲ್ಲಿ, ಅಕ್ಕಿ ಡಬ್ಬದ ಹಿಂದೆ ಅಡಗಿಸಿಡಬೇಡಿ. ಮಕ್ಕಳಿಗೆ ಅಡಗಿಸಿದ್ದೇ ಮೊದಲು ಸಿಗುವುದು. ಎತ್ತರದ ಕಪಾಟಿನಲ್ಲಿ ಬೇರೆ ಪುಸ್ತಕಗಳ ಜೊತೆ, ಹೆಸರು ಕಾಣುವ ಹಾಗೆ ಇಡಿ. ಮಗ ಒಮ್ಮೆ "ಅದು ಎಂತ ಪುಸ್ತಕ?" ಎಂದು ಕೇಳಿದ, ಆಗ ಅವನಿಗೆ ಏಳು ವರ್ಷ. "ಒಬ್ಬಳು ಹುಡುಗಿಗೆ ದೊಡ್ಡವರೊಬ್ಬರು ನೋವು ಮಾಡಿದರು. ಅವಳು ದೊಡ್ಡವಳಾದ ಮೇಲೆ ಅದನ್ನು ಬರೆದಳು" ಎಂದೆ. "ಅವಳು ಅಮ್ಮನಿಗೆ ಹೇಳಲಿಲ್ವಾ?" ಎಂದ. "ಹೇಳಲು ನೋಡಿದಳು, ಅಮ್ಮನಿಗೆ ಗೊತ್ತಾಗಲಿಲ್ಲ" ಎಂದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಜೋರಾಗಿ ಹೇಳಬೇಕಿತ್ತು" ಎಂದು ಹೇಳಿ ಆಟಕ್ಕೆ ಓಡಿದ.

ಓದಿಯಾದ ಮೇಲೆ ದಯವಿಟ್ಟು ವಾಯಿದೆಯೊಳಗೆ ತಂದುಕೊಡಿ. ನಮ್ಮಲ್ಲಿ ಒಂದೊಂದೇ ಪ್ರತಿ ಇರುವುದು, ಕಾಯುವವರ ಹೆಸರು ರಿಜಿಸ್ಟರಿನಲ್ಲಿದೆ.